ಪಡಸಾಲೆಯಲ್ಲಿ ಗೇಮಿಂಗ್ ಪಿಸಿ: ಕಾರ್ಡಿಗಿಂತ ಮೊದಲು ಗುಂಡಿಯ ಮಾತು

ಬೆಳಗಾವಿಯಲ್ಲಿ ಕಂಪ್ಯೂಟರ್ ಜೋಡಿಸುವ, ದುರಸ್ತಿ ಮಾಡುವ ವೃತ್ತಿಯಲ್ಲಿರುವ ನನ್ನಂಥವರ ಬಳಿಗೆ ದೀಪಾವಳಿಯ ಮುಂಚೆ ಮತ್ತು ಪರೀಕ್ಷೆಗಳು ಮುಗಿದ ಮೇಲೆ ಬರುವ ಗ್ರಾಹಕರಲ್ಲಿ ಬಹಳಷ್ಟು ಮಂದಿಯ ಬೇಡಿಕೆ ಒಂದೇ ಆಗಿರುತ್ತದೆ. “ಸರ, ಟಿವಿಗೆ ಹಚ್ಚಾಕ ಒಂದ್ ಪಿಸಿ ಮಾಡ್ಕೊಡ್ರಿ. ಪಿಎಸ್ 5ಕ್ಕಿಂತ ಜೋರ್ ಇರಬೇಕು. ಯಾವ ಕಾರ್ಡ್ ಹಾಕ್ತೀರಿ?” ಪಿಎಸ್ 5 ಎಂದರೆ ಸೋನಿಯ ಪ್ಲೇಸ್ಟೇಷನ್ 5, ಟಿವಿಗೆ ಹಚ್ಚಿ ಆಡಲೆಂದೇ ಮಾಡಿದ ಯಂತ್ರ, ಅಂದರೆ ಕನ್ಸೋಲ್. ಕಾರ್ಡ್ ಎಂದರೆ ಪಿಸಿಯಲ್ಲಿ ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಹೀಗೆ ಕೇಳುವವರು ತಿಳಿವಳಿಕೆ ಇಲ್ಲದವರೇನೂ ಅಲ್ಲ. ನಾಲ್ಕಾರು ಗ್ರಾಫಿಕ್ಸ್ ಕಾರ್ಡ್‌ಗಳ ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬ ಲೆಕ್ಕ) ಯೂಟ್ಯೂಬ್‌ನಲ್ಲಿ ನೋಡಿ, ಪುಣೆಯ ದರ ಮತ್ತು ಬೆಂಗಳೂರಿನ ಎಸ್.ಪಿ. ರಸ್ತೆಯ ದರ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡೇ ಬಂದಿರುತ್ತಾರೆ. ಆದರೆ ಆ ಚೀಟಿಯಲ್ಲಿ ಇರಲೇಬೇಕಾದ ಪ್ರಶ್ನೆಯೊಂದು ಮಾತ್ರ ಇರುವುದಿಲ್ಲ: ಸೋಫಾದಲ್ಲಿ ಕುಳಿತವರು ಆ ಯಂತ್ರವನ್ನು ಯಾವ ಗುಂಡಿ ಒತ್ತಿ ಶುರು ಮಾಡುತ್ತಾರೆ? ನಾನು ಇದನ್ನು ಕೇಳಿದಾಗ ಹಲವರು “ಅದೇನ್ ದೊಡ್ಡದ್ರಿ ಸರ” ಎಂದು ಮಾತನ್ನು ಮತ್ತೆ ಕಾರ್ಡಿನ ಕಡೆಗೇ ತಿರುಗಿಸುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಅವರಿಂದಲೇ ದೂರಿನ ಕರೆ ಬಂದಾಗ ಕಾರಣ ಕಾರ್ಡ್ ಆಗಿರುವುದು ಅಪರೂಪ.

ಕಾರ್ಡಿನ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. 2013ರ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ನಿಂದ ಈಚೆಗೆ ಸೋನಿ ಮತ್ತು ಮೈಕ್ರೋಸಾಫ್ಟ್ ಎರಡೂ ತಮ್ಮ ಕನ್ಸೋಲ್‌ಗಳಿಗೆ ಬಳಸುತ್ತಿರುವುದು ಪಿಸಿಯ ಜಾತಿಯದೇ ಆದ ಎಎಂಡಿ ಪ್ರೊಸೆಸರ್‌ಗಳನ್ನು. 2020ರ ನವೆಂಬರ್‌ನಲ್ಲಿ ಹೊರದೇಶಗಳಲ್ಲಿಯೂ 2021ರ ಫೆಬ್ರುವರಿಯಲ್ಲಿ ನಮ್ಮಲ್ಲಿಯೂ ಬಂದ ಪಿಎಸ್ 5ರಲ್ಲಿ ಎಂಟು ಕೋರ್‌ಗಳ ಜೆನ್ 2 ಪ್ರೊಸೆಸರ್, 36 ಕಂಪ್ಯೂಟ್ ಯೂನಿಟ್‌ಗಳ (ಚಿತ್ರದ ಲೆಕ್ಕ ಮಾಡುವ ಘಟಕಗಳು) ಗ್ರಾಫಿಕ್ಸ್ ಭಾಗ ಮತ್ತು ಅವೆರಡೂ ಹಂಚಿಕೊಳ್ಳುವ 16 ಜಿಬಿ ಮೆಮೊರಿ ಇವೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ ಅಂಥ ಯೂನಿಟ್‌ಗಳು 52. ಇವುಗಳ ಸಮಕ್ಕೆ ನಿಲ್ಲುವ ಕಾರ್ಡ್ ಇಂದು ಮಧ್ಯಮ ದರ್ಜೆಯಲ್ಲಿಯೇ ಸಿಗುತ್ತದೆ, ಮೇಲಿನ ದರ್ಜೆಯವು ಸುಲಭವಾಗಿ ಹಿಂದಿಕ್ಕುತ್ತವೆ. ಕಾರ್ಡಿನ ಮೇಲೆ ಕೇವಲ 8 ಜಿಬಿ ಮೆಮೊರಿ ಇದ್ದರೆ 4ಕೆ ಟಿವಿಯಲ್ಲಿ ಹೊಸ ಆಟಗಳು ತಡವರಿಸುವ ಸಂಭವ ಇದೆ ಎಂಬ ಎಚ್ಚರಿಕೆಯೊಂದನ್ನು ಬಿಟ್ಟರೆ, ಶಕ್ತಿಯ ವಿಷಯದಲ್ಲಿ ಪಿಸಿ ಸೋಲುವುದಿಲ್ಲ. ಸೋಲುವುದಾದರೆ ಬೆಲೆಯಲ್ಲಿ. ಭಾರತಕ್ಕೆ ಬಂದಾಗ ಡಿಸ್ಕ್ ಇರುವ ಪಿಎಸ್ 5ರ ಬೆಲೆ 49,990 ರೂಪಾಯಿ ಇತ್ತು, ಆಮೇಲೆ ಏರಿತು. ಏರಿದ ಬೆಲೆಗೂ ಅದರ ಸಮದ ಪಿಸಿಯನ್ನು ಹೊಸ ಬಿಡಿಭಾಗಗಳಿಂದ ಜೋಡಿಸುವುದು ಕಷ್ಟ. ಏಕೆಂದರೆ ಕನ್ಸೋಲ್ ಮಾಡುವವರು ಯಂತ್ರದಲ್ಲಿ ಲಾಭ ಬಿಟ್ಟುಕೊಟ್ಟು, ಆಟಗಳ ಮಾರಾಟದ ಪಾಲಿನಲ್ಲಿ ಅದನ್ನು ತುಂಬಿಕೊಳ್ಳಬಲ್ಲರು. ಬಿಡಿಭಾಗ ಮಾರುವವರಿಗೆ ಅಂಥ ಎರಡನೆಯ ಆದಾಯ ಇಲ್ಲ.

ಇಷ್ಟು ಹೇಳಿ, ಗ್ರಾಹಕರು ಕೇಳದೇ ಬಿಡುವ ವಿಷಯಕ್ಕೆ ಬರುತ್ತೇನೆ.

ಕನ್ಸೋಲ್ ಇರುವ ಮನೆಯಲ್ಲಿ ಕಂಟ್ರೋಲರ್‌ನ ನಡುವಿನ ಗುಂಡಿಯನ್ನು ಒತ್ತಿದಾಗ ಏನೇನು ನಡೆಯುತ್ತದೆ ಎಂಬುದನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಅರೆನಿದ್ರೆಯಲ್ಲಿದ್ದ ಕನ್ಸೋಲ್ ಎಚ್ಚರಗೊಳ್ಳುತ್ತದೆ. ಎಚ್‌ಡಿಎಂಐ ಕೇಬಲ್‌ನೊಳಗೆ ಸಿಇಸಿ ಎಂಬ ಸಂಜ್ಞೆಗೆಂದೇ ಒಂದು ತಂತಿ ಇದೆ. ಅದರ ಮೂಲಕ ಕನ್ಸೋಲ್ ಟಿವಿಗೆ ಹೇಳಿಕಳಿಸಿ ಅದನ್ನು ಆನ್ ಮಾಡಿಸುತ್ತದೆ, ಸೆಟ್‌ಟಾಪ್ ಬಾಕ್ಸ್‌ನ ಇನ್‌ಪುಟ್‌ನಲ್ಲಿ ನಿಂತಿದ್ದ ಟಿವಿಯನ್ನು ತನ್ನ ಇನ್‌ಪುಟ್‌ಗೆ ಹೊರಳಿಸಿಕೊಳ್ಳುತ್ತದೆ. ನಿನ್ನೆ ರಾತ್ರಿ ಆಟ ಯಾವ ಜಾಗದಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಕೈ ಒಮ್ಮೆಯೂ ಕಂಟ್ರೋಲರ್ ಬಿಟ್ಟು ಬೇರೆಡೆಗೆ ಹೋಗುವುದಿಲ್ಲ.

ಅದೇ ಜಾಗದಲ್ಲಿ ಸಾಮಾನ್ಯವಾಗಿ ಜೋಡಿಸಿದ ಪಿಸಿಯನ್ನು ಇಟ್ಟರೆ ಈ ಸರಪಳಿಯ ಒಂದೊಂದು ಕೊಂಡಿಯೂ ಕಳಚುತ್ತದೆ. ಪಿಸಿಯ ಬಹುತೇಕ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಸಿಇಸಿ ಸೌಲಭ್ಯವೇ ಇಲ್ಲ, ಆದ್ದರಿಂದ ಟಿವಿಯ ರಿಮೋಟ್ ಹುಡುಕಬೇಕು. ಬ್ಲೂಟೂತ್ ಕಂಟ್ರೋಲರ್‌ನಿಂದ ನಿದ್ರೆಯಲ್ಲಿರುವ ಪಿಸಿಯನ್ನು ಎಬ್ಬಿಸುವುದು ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಆಗುವುದಿಲ್ಲ, ಪಿಸಿಯ ಜೊತೆಗೆ ಬ್ಲೂಟೂತ್ ಕೂಡ ಮಲಗಿರುತ್ತದೆ. ಎದ್ದು ಹೋಗಿ ಕ್ಯಾಬಿನೆಟ್‌ನ ಗುಂಡಿ ಒತ್ತಿದರೆ ವಿಂಡೋಸ್ ಪಿನ್ ಕೇಳುತ್ತದೆ, ಅದಕ್ಕೆ ಕೀಬೋರ್ಡ್ ಬೇಕು. ಒಳಗೆ ಹೋದರೆ ಆಟಗಳನ್ನು ಕೊಂಡು ಆಡುವ ಸ್ಟೀಮ್ ಎಂಬ ತಂತ್ರಾಂಶ ತೆರೆಯಬೇಕು, ಕೆಲವು ಆಟಗಳು ಸ್ಟೀಮ್‌ನ ಮೇಲೆ ತಮ್ಮದೇ ಇನ್ನೊಂದು ಲಾಂಚರ್ (ಆಟ ಶುರು ಮಾಡುವ ತಂತ್ರಾಂಶ) ತೆರೆದು ಪಾಸ್‌ವರ್ಡ್ ಕೇಳುತ್ತವೆ. ಆಟ ಶುರುವಾದರೂ ಮೊದಲ ಸಲ ಷೇಡರ್‌ಗಳನ್ನು (ಬೆಳಕು, ಬಣ್ಣಗಳನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗಳು) ಸಿದ್ಧಪಡಿಸಿಕೊಳ್ಳಲು ಹಲವು ನಿಮಿಷ ಹಿಡಿಯಬಹುದು. ಕನ್ಸೋಲ್‌ನ ಯಂತ್ರಾಂಶ ಎಲ್ಲ ಮನೆಯಲ್ಲೂ ಒಂದೇ ಆಗಿರುವುದರಿಂದ ಆಟ ಮಾಡಿದವರೇ ಆ ಕೆಲಸವನ್ನು ಮುಗಿಸಿ ಕಳಿಸಿರುತ್ತಾರೆ, ಪಿಸಿಯಲ್ಲಿ ಅದು ನಿಮ್ಮ ಮನೆಯಲ್ಲಿಯೇ ಆಗಬೇಕು. ಇವುಗಳಲ್ಲಿ ಯಾವುದೂ ದೊಡ್ಡ ದೋಷವಲ್ಲ, ಯಂತ್ರಾಂಶ ಕೆಟ್ಟಿದೆ ಎಂದು ಬದಲಿಸಿಕೊಡುವಂಥದೂ ಅಲ್ಲ. ಆದರೆ ದಿನದ ಕೆಲಸ ಮುಗಿಸಿ ಮುಕ್ಕಾಲು ಗಂಟೆ ಆಡಬೇಕೆಂದು ಕುಳಿತವರಿಗೆ ಅದರಲ್ಲಿ ಕಾಲು ಗಂಟೆ ಇದಕ್ಕೇ ಹೋದರೆ, ಕಾರ್ಡ್ 120 ಫ್ರೇಮ್ ಕೊಡುತ್ತದೆಯೋ 60 ಕೊಡುತ್ತದೆಯೋ ಎಂಬುದು ಗಣನೆಗೇ ಬರುವುದಿಲ್ಲ.

ವಿಜಯಪುರದ ಸೋಲಾಪುರ ರಸ್ತೆಯ ಕಡೆಯ ಮನೆಯೊಂದಕ್ಕೆ ಹೋಗಿದ್ದು ನೆನಪಿದೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಹಿರಿಯ ಮಗ, ತಮ್ಮ ತಂಗಿಯರು ಆಡಲೆಂದು ಪ್ರೀತಿಯಿಂದ ಒಳ್ಳೆಯ ಪಿಸಿಯನ್ನೇ ಜೋಡಿಸಿ ಟಿವಿಗೆ ಹಚ್ಚಿಕೊಟ್ಟು ಹೋಗಿದ್ದ. ಅವನಿರುವಷ್ಟು ದಿನ ಎಲ್ಲವೂ ಸರಿಯಿತ್ತು. ಅವನು ಹೋದ ಮೇಲೆ ಆಟ ತೆರೆದ ಕೂಡಲೇ ನಿಂತುಬಿಡುತ್ತಿತ್ತು, ಕಂಟ್ರೋಲರ್‌ನ ಯಾವ ಗುಂಡಿ ಒತ್ತಿದರೂ ಕದಲುತ್ತಿರಲಿಲ್ಲ. “ತಮ್ಮಾ, ಯಂತ್ರ ಸುಟ್ಟೈತೇನು ನೋಡಪ್ಪಾ” ಎಂದು ಆ ತಾಯಿ ಆತಂಕದಿಂದ ಕೇಳಿದರು. ಸುಟ್ಟಿದ್ದು ಏನೂ ಇರಲಿಲ್ಲ. ಪೂರ್ಣ ಪರದೆಯ ಆಟದ ಹಿಂದೆ, ಡ್ರೈವರ್ ನವೀಕರಣಕ್ಕಾಗಿ ರೀಸ್ಟಾರ್ಟ್ ಮಾಡಲೇ ಎಂದು ಕೇಳುವ ಅಂಗೈಯಗಲದ ಪೆಟ್ಟಿಗೆಯೊಂದು ತೆರೆದು ಕುಳಿತಿತ್ತು, ಕಂಟ್ರೋಲರ್‌ನ ಒತ್ತುಗಳು ಆಟಕ್ಕೂ ತಲುಪದೆ ಆ ಪೆಟ್ಟಿಗೆಗೂ ತಲುಪದೆ ಹೋಗುತ್ತಿದ್ದವು. ಮೌಸನ್ನು ಶೋಕೇಸಿನ ಮೇಲಿನ ಖಾನೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಎತ್ತಿಟ್ಟಿದ್ದರು. ಅದನ್ನು ತೆಗೆದು ಒಂದು ಕ್ಲಿಕ್ ಮಾಡಿದೆ, ಕೆಲಸ ಮುಗಿಯಿತು. ಆ ಮನೆಯವರದು ಏನೂ ತಪ್ಪಿಲ್ಲ. ಟಿವಿಯ ಕೆಳಗಿಟ್ಟ ಯಂತ್ರಕ್ಕೆ ಮೌಸ್ ಬೇಕಾದೀತು ಎಂದು ಅವರು ಏಕೆ ಊಹಿಸಬೇಕು? ನಂತರ ಆ ಮಗ ಊರಿಗೆ ಬಂದಾಗ ಪಿಸಿಯನ್ನು ತನ್ನ ಕೋಣೆಗೆ ಒಯ್ದು, ಮನೆಗೆ ಕನ್ಸೋಲ್ ತಂದಿಟ್ಟ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಹಾಗೆಂದು ಪಿಸಿಯನ್ನು ಕನ್ಸೋಲ್‌ನ ಹತ್ತಿರಕ್ಕೆ ತರಲು ಸಾಧ್ಯವೇ ಇಲ್ಲ ಎಂದಲ್ಲ. ಬಹುಮಟ್ಟಿಗೆ ಸಾಧ್ಯ, ಆದರೆ ಅದು ಜೋಡಿಸುವಾಗಲೇ ಮಾಡಬೇಕಾದ ಕೆಲಸ ಮತ್ತು ಅದಕ್ಕೂ ಸಮಯ ಕೊಡಬೇಕು. ಆಟಕ್ಕೆಂದೇ ಪಾಸ್‌ವರ್ಡ್ ಇಲ್ಲದ ಖಾತೆಯೊಂದನ್ನು ಮಾಡಿ, ನಿದ್ರೆಯಿಂದ ಎದ್ದಾಗ ಪಿನ್ ಕೇಳದಂತೆ ಹೊಂದಿಸಬಹುದು. ಆದರೆ ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು, ಇದನ್ನು ನಾನು ಪ್ರತಿ ಮನೆಯಲ್ಲೂ ಎರಡೆರಡು ಸಲ ಹೇಳುತ್ತೇನೆ. ಸ್ಟೀಮ್ ತಾನಾಗಿ ಟಿವಿಗೂ ಕಂಟ್ರೋಲರ್‌ಗೂ ಹೊಂದುವ ಬಿಗ್ ಪಿಕ್ಚರ್ ರೂಪದಲ್ಲಿ ತೆರೆಯುವಂತೆ ಮಾಡಬಹುದು. ಕಂಟ್ರೋಲರ್ ಜೊತೆಗೆ ಅದರದೇ ಯುಎಸ್‌ಬಿ ಡಾಂಗಲ್ ಬಳಸಿ, ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಹೊಂದಿಕೆಗಳು) ಯುಎಸ್‌ಬಿಯಿಂದ ಎಬ್ಬಿಸುವ ಆಯ್ಕೆಯನ್ನು ತೆರೆದರೆ ಕೆಲವು ಮದರ್‌ಬೋರ್ಡ್‌ಗಳಲ್ಲಿ ಸೋಫಾದಿಂದಲೇ ಪಿಸಿ ಏಳುತ್ತದೆ. ಎಲ್ಲದರಲ್ಲೂ ಏಳುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಟಿವಿಗೆ ಸಂಜ್ಞೆ ಕಳಿಸಲು ಸಿಇಸಿ ಅಡಾಪ್ಟರ್ ಪ್ರತ್ಯೇಕವಾಗಿ ಸಿಗುತ್ತದೆ, ಹುಡುಕಿ ತರಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ವಿಂಡೋಸ್‌ನ ಒಂದು ದೊಡ್ಡ ಅಪ್‌ಡೇಟ್ ಬಂದು ಎರಡು ಹೊಂದಿಕೆಗಳನ್ನು ಅಳಿಸಿಹಾಕಬಹುದು, ಆಗ ಅದನ್ನು ಮತ್ತೆ ಸರಿಪಡಿಸುವವರು ಮನೆಯಲ್ಲಿ ಒಬ್ಬರು ಇರಬೇಕು.

ಈ ಕೊರತೆ ದೊಡ್ಡ ಕಂಪನಿಗಳಿಗೆ ಗೊತ್ತಿಲ್ಲದ್ದೇನಲ್ಲ. ಸ್ಟೀಮ್‌ನ ಒಡೆತನದ ವಾಲ್ವ್ ಕಂಪನಿ 2013ರಲ್ಲಿಯೇ ಪಡಸಾಲೆಗೆಂದು ಸ್ಟೀಮ್ ಮಷೀನ್‌ಗಳನ್ನು ಘೋಷಿಸಿ, 2015ರ ನವೆಂಬರ್‌ನಲ್ಲಿ ಬೇರೆ ಬೇರೆ ತಯಾರಕರ ಮೂಲಕ ಮಾರಾಟಕ್ಕೆ ತಂದಿತು. ವಿಂಡೋಸ್‌ನ ಬದಲಿಗೆ ಬಳಸುವ, ಲಿನಕ್ಸ್ ಆಧಾರಿತ ಅದರ ಸ್ಟೀಮ್‌ಒಎಸ್‌ನಲ್ಲಿ ನಡೆಯುವ ಆಟಗಳು ಆಗ ಕಡಿಮೆ ಇದ್ದವು, ಯಂತ್ರಗಳ ಬೆಲೆ ಹೆಚ್ಚಿತ್ತು, ಪ್ರಯತ್ನ ನೆಲಕಚ್ಚಿತು. 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರೋಟಾನ್ ಬಂತು, 2022ರಲ್ಲಿ ಕೈಯಲ್ಲಿ ಹಿಡಿಯುವ ಸ್ಟೀಮ್ ಡೆಕ್ ಬಂತು. ಡೆಕ್ ಜನರಿಗೆ ಹಿಡಿಸಲು ಅದರ ಶಕ್ತಿ ಕಾರಣವಾಗಿರಲಿಲ್ಲ, ಶಕ್ತಿಯಲ್ಲಿ ಅದು ಪಿಎಸ್ 5ರ ಹತ್ತಿರಕ್ಕೂ ಬರುವುದಿಲ್ಲ. ಗುಂಡಿ ಒತ್ತಿದರೆ ಆಟ ಮಲಗುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಏಳುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ. 2025ರ ನವೆಂಬರ್‌ನಲ್ಲಿ ವಾಲ್ವ್ ಟಿವಿಯ ಪಕ್ಕದಲ್ಲಿಡುವ ಹೊಸ ಸ್ಟೀಮ್ ಮಷೀನ್ ಘೋಷಿಸಿದಾಗ ಅದರ ವಿವರಗಳಲ್ಲಿ ನಾನು ಮೊದಲು ಹುಡುಕಿದ್ದು ಸಿಇಸಿ ಇದೆಯೇ ಎಂದು. ಇದೆ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವ್ಯಾಲೊರೆಂಟ್‌ನಂಥ ಕೆಲವು ಆನ್‌ಲೈನ್ ಆಟಗಳು ಮೋಸ ತಡೆಯಲು ಬಳಸುವ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ನಮ್ಮ ಕಾಲೇಜು ಹುಡುಗರು ಹೆಚ್ಚಾಗಿ ಆಡುವುದು ಅಂಥವನ್ನೇ ಆದ್ದರಿಂದ, ವಿಂಡೋಸ್ ತೆಗೆದು ಸ್ಟೀಮ್‌ಒಎಸ್ ಹಾಕಿಕೊಡಿ ಎಂದು ಬಂದವರನ್ನು ಮೊದಲು ಯಾವ ಆಟ ಆಡುತ್ತೀರಿ ಎಂದು ಕೇಳುತ್ತೇನೆ.

ಟಿವಿಯ ವಿಷಯ ಬೇಗ ಮುಗಿಸುತ್ತೇನೆ. 4ಕೆಯಲ್ಲಿ 120 ಹರ್ಟ್ಸ್ (ಸೆಕೆಂಡಿಗೆ 120 ಚಿತ್ರ) ಪೂರ್ಣ ಗುಣಮಟ್ಟದಲ್ಲಿ ಬೇಕಾದರೆ ಟಿವಿ, ಕಾರ್ಡ್, ಕೇಬಲ್ ಮೂರೂ ಎಚ್‌ಡಿಎಂಐ 2.1 ಇರಬೇಕು. ನಾನು ನೋಡುವ ಮನೆಗಳ ಟಿವಿಗಳಲ್ಲಿ ಹೆಚ್ಚಿನವು 60 ಹರ್ಟ್ಸ್‌ನವು, ಅವುಗಳ ಮುಂದೆ ದುಬಾರಿ ಕಾರ್ಡ್ ಇಡುವುದು ದುಡ್ಡು ಹಾಳು. ಕೇಬಲನ್ನು ಮದರ್‌ಬೋರ್ಡ್‌ನ ಪೋರ್ಟಿಗೆ ಹಾಕದೆ ಕಾರ್ಡಿನ ಪೋರ್ಟಿಗೇ ಹಾಕಿ, ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ.

ಶಾಖ ಮತ್ತು ಕರೆಂಟಿನ ವಿಷಯ ಹಾಗೆ ಮುಗಿಸುವಂಥದಲ್ಲ. ಬೇಸಿಗೆಯಲ್ಲಿ ಬಾಗಲಕೋಟೆ, ವಿಜಯಪುರಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಡುವಾಗ ಕನ್ಸೋಲ್ ಸುಮಾರು 200 ವಾಟ್ ಬಳಸಿದರೆ, ಅದಕ್ಕಿಂತ ಶಕ್ತಿಯ ಪಿಸಿ 350ರಿಂದ 400 ವಾಟ್ ತೆಗೆದುಕೊಳ್ಳಬಹುದು, ಅಷ್ಟೂ ಶಾಖವಾಗಿ ಕೋಣೆಗೇ ಬರುತ್ತದೆ. ಅಂಥ ಪಿಸಿಯನ್ನು ಗಾಜಿನ ಬಾಗಿಲಿನ ಶೋಕೇಸಿನೊಳಗೆ, ಹಿಂದೆ ಪ್ಲೈವುಡ್, ಮೇಲೆ ಕಸೂತಿಯ ಬಟ್ಟೆ ಹೊದಿಸಿ ಇಟ್ಟಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಧೂಳು ಬರಬಾರದೆಂಬ ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ಗಾಳಿಯಾಡದಿದ್ದರೆ ಕಾರ್ಡ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಹೆಚ್ಚು ದುಡ್ಡು ಕೊಟ್ಟು ಕೊಂಡ ಶಕ್ತಿ ಅಲ್ಲಿಗೆ ಹೋಯಿತು. ಕನ್ಸೋಲ್‌ಗೂ ಗಾಳಿ ಬೇಕು, ಆದರೆ ಅದು ಬೇಡುವುದು ಕಡಿಮೆ. ಇನ್ನು ಮನೆಯ ಇನ್ವರ್ಟರ್. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಅದು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಫ್ಯಾನು, ದೀಪಗಳಿಗೆ ಅದು ತಿಳಿಯುವುದೇ ಇಲ್ಲ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್‌ನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಬೇಕು, ಅದು ಸೈನ್‌ವೇವ್ ಇನ್ವರ್ಟರ್ ಆಗಿರಬೇಕು, ಪಿಸಿ, ಟಿವಿ, ಮನೆಯ ಫ್ಯಾನುಗಳ ಒಟ್ಟು ಭಾರವನ್ನು ಅದು ಹೊರಬಲ್ಲದೇ ಎಂದು ಲೆಕ್ಕ ಹಾಕಬೇಕು.

ಪಿಸಿ ನಿಜವಾಗಿಯೂ ಗೆದ್ದ ಮನೆಗಳನ್ನೂ ಬಲ್ಲೆ. ಬಾಗಲಕೋಟೆಯ ನವನಗರದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಹಗಲು ಅದೇ ಪಿಸಿಯಲ್ಲಿ ಕಾಲೇಜಿನ ಪ್ರಾಜೆಕ್ಟ್‌ನ ತ್ರೀಡಿ ಮಾದರಿಗಳನ್ನು ಮಾಡುತ್ತಾಳೆ, ರಾತ್ರಿ ಕಾಕಾನ ಮಕ್ಕಳೊಂದಿಗೆ ಟಿವಿಯಲ್ಲಿ ಆಡುತ್ತಾಳೆ. ಯಂತ್ರದ ಉಸ್ತುವಾರಿ ಅವಳದೇ. ನನಗೆ ಕರೆ ಮಾಡುವ ಮೊದಲೇ ಅರ್ಧ ಸಮಸ್ಯೆಗಳನ್ನು ತಾನೇ ಬಿಡಿಸಿರುತ್ತಾಳೆ, ಉಳಿದದ್ದನ್ನು ಕೇಳುವಾಗ ಏನೇನು ಮಾಡಿ ನೋಡಿದೆ ಎಂಬುದನ್ನು ಕ್ರಮವಾಗಿ ಹೇಳುತ್ತಾಳೆ. ಅವಳ ಕರೆ ಬಂದರೆ ನನಗೆ ಸಂತೋಷವಾಗುತ್ತದೆ. ಅಂಥ ಮನೆಗೆ ಪಿಸಿ ಒಂದಲ್ಲ, ಎರಡು ಖರ್ಚನ್ನು ಉಳಿಸುತ್ತದೆ. ಕನ್ಸೋಲ್‌ಗಳಲ್ಲಿ ಫೋರ್ಟ್‌ನೈಟ್‌ನಂಥ ಉಚಿತ ಆಟಗಳನ್ನು ಬಿಟ್ಟರೆ ಬೇರೆಯವರೊಂದಿಗೆ ಆನ್‌ಲೈನ್ ಆಡಲು ಸಾಮಾನ್ಯವಾಗಿ ಚಂದಾ ಕಟ್ಟಬೇಕು, ಪಿಸಿಯಲ್ಲಿ ಅದಿಲ್ಲ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಇದೆ, ರಿಯಾಯಿತಿಯ ದಿನಗಳಲ್ಲಿ ಹಳೆಯ ಒಳ್ಳೆಯ ಆಟಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಕನ್ಸೋಲ್‌ನ ಪರವಾಗಿ ಹೇಳುವುದಾದರೆ, ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಗೆಳೆಯರೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು. ಪಿಸಿಯ ಆಟ ನಿಮ್ಮ ಖಾತೆಗೆ ಅಂಟಿಕೊಂಡದ್ದು, ಮಾರಲು ಬರುವುದಿಲ್ಲ.

ಹೀಗಾಗಿ ಕೊಟೇಶನ್ ಬರೆಯುವ ಮೊದಲು, ಮನೆಯಲ್ಲಿ ರಾತ್ರಿ ಎಂಟು ಗಂಟೆಗೆ ಕಂಟ್ರೋಲರ್ ಹಿಡಿಯುವವರು ಯಾರು, ಯಂತ್ರ ಮುಷ್ಕರ ಹೂಡಿದರೆ ನೋಡುವವರು ಯಾರು ಎಂದು ನಾನು ಕೇಳುತ್ತೇನೆ. ಎರಡಕ್ಕೂ ಒಬ್ಬರದೇ ಹೆಸರು ಬಂದರೆ ಅಥವಾ ನೋಡುವವರು ಅದೇ ಮನೆಯಲ್ಲಿದ್ದರೆ ಕಾರ್ಡಿನ ಮಾತಿಗೆ ಕೂರುತ್ತೇವೆ. ನೋಡುವವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾರೆ ಎಂದಾದರೆ, ನನಗೆ ಅದರಿಂದ ಬರುವ ಆದಾಯ ಏನೂ ಇಲ್ಲದಿದ್ದರೂ, ಕನ್ಸೋಲ್ ತೆಗೆದುಕೊಳ್ಳಿ ಎಂದು ಹೇಳಿ ಕಳಿಸುತ್ತೇನೆ. ಬರುವಾಗ ದಯವಿಟ್ಟು ಟಿವಿಯ ಹಿಂಭಾಗದ ಪೋರ್ಟುಗಳದು, ಇನ್ವರ್ಟರ್ ಮೇಲಿನ ಲೇಬಲ್‌ನದು ಮತ್ತು ಪಿಸಿ ಇಡಬೇಕೆಂದಿರುವ ಖಾನೆಯದು, ಹೀಗೆ ಮೂರು ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ.