ಬ್ರಾ ಸೈಜಿನ ಲೆಕ್ಕ ಎಲ್ಲಿ ತಪ್ಪುತ್ತದೆ?

ಹೊರಗಿನಿಂದ ಬಂದು ಬಾಗಿಲು ಹಾಕಿಕೊಂಡ ತಕ್ಷಣ ಮಾಡುವ ಮೊದಲ ಕೆಲಸ ಯಾವುದು? ಬೆನ್ನಿಗೆ ಕೈ ಹಾಕಿ ಹುಕ್ಕು ಬಿಚ್ಚುವುದು. ಆಮೇಲೆ ಒಂದು ದೊಡ್ಡ ಉಸಿರು. ಹೆಗಲ ಮೇಲೆ ಎರಡು ಕೆಂಪು ಗೆರೆ, ಎದೆಯ ಕೆಳಗೆ ತುರಿಕೆ. ನಾನಂತೂ ವರ್ಷಗಟ್ಟಲೆ ಇದು ಇರೋದೇ ಹೀಗೆ ಅಂದುಕೊಂಡಿದ್ದೆ. ಬ್ರಾ ಅಂದಮೇಲೆ ಸ್ವಲ್ಪ ಹಿಂಸೆ ಇದ್ದದ್ದೇ, ಎಲ್ಲರಿಗೂ ಹೀಗೇ ಅಲ್ವಾ ಅಂತ. ಹಾಕಿಕೊಳ್ಳುತ್ತಿದ್ದದ್ದು 34ಬಿ. ಆ ನಂಬರ್ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವಾಗಲೋ ಯಾರೋ ಕಣ್ಣಳತೆಯಲ್ಲಿ ಹೇಳಿದ್ದು. ಅದನ್ನೇ ರಕ್ತದ ಗುಂಪಿನ ಹಾಗೆ, ಒಮ್ಮೆ ಗೊತ್ತಾದರೆ ಬದಲಾಗುವುದೇ ಇಲ್ಲ ಅನ್ನುವ ಹಾಗೆ ಇಟ್ಟುಕೊಂಡಿದ್ದೆ.

ಮೊದಲು ಆ ಅಕ್ಷರವನ್ನೇ ಹಿಡಿಯೋಣ. ಎ ಅಂದರೆ ಚಿಕ್ಕದು, ಡಿ ಅಂದರೆ ತುಂಬಾ ದೊಡ್ಡದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಅಕ್ಷರ ಹೇಳುವುದು ಗಾತ್ರವನ್ನಲ್ಲ, ಬರೀ ಒಂದು ವ್ಯತ್ಯಾಸವನ್ನು. ಸ್ತನದ ಬುಡಕ್ಕೆ ಸರಿಯಾಗಿ, ಪಕ್ಕೆಲುಬಿನ ಮೇಲೆ ಟೇಪು ಸುತ್ತಿದರೆ ಒಂದು ಅಳತೆ ಬರುತ್ತದೆ. ಎದೆ ತುಂಬಿಕೊಂಡಿರುವ ಜಾಗದಲ್ಲಿ ಸುತ್ತಿದರೆ ಇನ್ನೊಂದು. ಎರಡರ ನಡುವೆ 1 ಇಂಚು ಇದ್ದರೆ ಎ, 2 ಇದ್ದರೆ ಬಿ, 3 ಸಿ, 4 ಡಿ, ಹೀಗೆ. ಅಂದರೆ ಪಕ್ಕದ ನಂಬರ್ ಗೊತ್ತಿಲ್ಲದೆ 'ಡಿ' ಅಂತ ಒಂದೇ ಅಕ್ಷರ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. 36ಬಿ, 34ಸಿ, 32ಡಿ ಈ ಮೂರರ ಕಪ್ಪೂ, ಅಂದರೆ ಸ್ತನ ಕೂರುವ ಬಟ್ಟಲೂ, ಹೆಚ್ಚುಕಡಿಮೆ ಒಂದೇ ಗಾತ್ರ. ಇವನ್ನು ಸಿಸ್ಟರ್ ಸೈಜ್ ಅನ್ನುತ್ತಾರೆ. ಸಣ್ಣ ಮೈಯ 30ಡಿ ಹುಡುಗಿಯ ಕಪ್ಪೂ 36ಎ ಹಾಕುವವರ ಕಪ್ಪೂ ಒಂದೇ ಅಂದರೆ ನಂಬುವುದು ಕಷ್ಟ, ಆದರೆ ಲೆಕ್ಕ ಅದೇ.

ಈ ಅಕ್ಷರಗಳು ಬ್ರಾ ಜೊತೆಗೇ ಹುಟ್ಟಿದವಲ್ಲ. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಯುವತಿ ಬ್ರಾಗೆ ಪೇಟೆಂಟ್ ಪಡೆದಳು. ಎರಡು ಕರವಸ್ತ್ರ, ಒಂದು ರಿಬ್ಬನ್ ಸೇರಿಸಿ ಹೊಲಿದದ್ದರಿಂದ ಶುರುವಾದದ್ದು ಅದು. ಕಪ್ಪಿಗೆ ಎ ಇಂದ ಡಿ ತನಕ ಅಕ್ಷರ ಬಂದದ್ದು 1932ರಲ್ಲಿ, ಎಸ್. ಎಚ್. ಕ್ಯಾಂಪ್ ಎಂಬ ಕಂಪನಿಯಿಂದ. ಆಗ ಇದ್ದದ್ದು ನಾಲ್ಕೇ ಅಕ್ಷರ. ಆ ಸಾಲಿನಲ್ಲಿ ಡಿ ಕೊನೆಯದು, ಹಾಗಾಗಿ ಡಿ ಅಂದರೆ ಭಾರೀ ದೊಡ್ಡದು ಅನ್ನುವ ಭಾವನೆ ಇಂದಿಗೂ ಹೋಗಿಲ್ಲ ಅಂತ ನನ್ನ ಅನುಮಾನ.

ಗೋಜಲು ಶುರುವಾಗುವುದು ಬ್ಯಾಂಡಿನ, ಅಂದರೆ ಎದೆಯ ಕೆಳಗೆ ಮೈ ಸುತ್ತ ಬರುವ ಪಟ್ಟಿಯ, ನಂಬರಿನಲ್ಲಿ. ಒಂದು ಹಳೇ ಪದ್ಧತಿ ಇದೆ: ಎದೆ ಕೆಳಗಿನ ಅಳತೆಗೆ 4 ಇಂಚು ಕೂಡಿಸಿ, ಅದೇ ನಿಮ್ಮ ಬ್ಯಾಂಡ್. ನಾನು ಟೇಪು ಹಿಡಿದು ಅಳೆದಾಗ ಕೆಳಗೆ 32 ಬಂತು, ಮೇಲೆ 36. ಹಳೇ ಲೆಕ್ಕದಲ್ಲಿ 32ಕ್ಕೆ 4 ಕೂಡಿಸಿದರೆ 36. ಮೇಲಿನದೂ 36. ವ್ಯತ್ಯಾಸ ಸೊನ್ನೆ. ಅಂದರೆ ಲೆಕ್ಕದ ಪ್ರಕಾರ ನನಗೆ ಎದೆಯೇ ಇಲ್ಲ! ಏನೂ ಕೂಡಿಸದೆ ನೋಡಿದರೆ 32, ವ್ಯತ್ಯಾಸ 4, ಅಂದರೆ 32ಡಿ. ಒಂದೇ ಮೈ, ಒಂದೇ ಟೇಪು, ಎರಡು ಉತ್ತರ. ಎರಡರ ನಡುವೆ ಎಲ್ಲೋ ಅಂದಾಜಿಗೆ ನಿಂತದ್ದು ನನ್ನ 34ಬಿ. ಈಗಿನ ಬ್ಯಾಂಡುಗಳಲ್ಲಿ ಸ್ಪ್ಯಾಂಡೆಕ್ಸ್ ದಾರ ಇರುತ್ತದೆ. 1958ರಲ್ಲಿ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದ ದಾರ ಅದು, ತನ್ನ ಉದ್ದದ ಐದಾರು ಪಟ್ಟು ಎಳೆದರೂ ವಾಪಸ್ ಬರುತ್ತದೆ. ಇಷ್ಟು ಎಳೆಯುವ ಬಟ್ಟೆಗೆ ಮತ್ತೆ 4 ಇಂಚು ಸಡಿಲ ಬಿಟ್ಟರೆ ಹಿಡಿತ ಎಲ್ಲಿಂದ ಬರಬೇಕು?

ಹಾಗಂತ ಕೂಡಿಸದ ಲೆಕ್ಕವೇ ವೇದವಾಕ್ಯ ಅಂತಲೂ ಅಲ್ಲ. ಎಷ್ಟೋ ಬ್ರಾಗಳ ಲೇಬಲ್ಲಿನ ಮೇಲೆ 34ರ ಪಕ್ಕದಲ್ಲೇ 75 ಅಂತ ಇರುತ್ತದೆ, ನೋಡಿ. ಅದು ಯುರೋಪಿನ ಸೈಜು, ಎದೆ ಕೆಳಗಿನ ಸುತ್ತಳತೆ ಸೆಂಟಿಮೀಟರಿನಲ್ಲಿ. 75 ಸೆಂಟಿಮೀಟರ್ ಅಂದರೆ 30 ಇಂಚು ಕೂಡ ಆಗುವುದಿಲ್ಲ! ಅಂದರೆ ಆ 34ರೊಳಗೆ 4 ಇಂಚು ಆಗಲೇ ಕೂಡಿಕೊಂಡು ಕೂತಿದೆ. ಒಂದು ಕಂಪನಿ ಕೂಡಿಸುತ್ತದೆ, ಇನ್ನೊಂದು ಕೂಡಿಸುವುದಿಲ್ಲ. ಹಾಗಾಗಿ ಟೇಪು ಕೊಡುವುದು ಎಲ್ಲಿಂದ ಹುಡುಕಬೇಕು ಅನ್ನುವ ಸುಳಿವು ಮಾತ್ರ. ತೀರ್ಪು ಕೊಡಬೇಕಾದ್ದು ಮೈ.

ಮೈ ಅದನ್ನು ಹೇಗೆ ಹೇಳುತ್ತದೆ? ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು. ಬ್ರಾದಲ್ಲಿ ಭಾರ ಹೊರುವುದು ಹೆಗಲ ಪಟ್ಟಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಾಗಿ ಇಳಿಬಿದ್ದಂತೆ ಅನಿಸಿದಾಗಲೆಲ್ಲ ಪಟ್ಟಿ ಬಿಗಿ ಮಾಡುತ್ತೇವೆ. ಆದರೆ ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಹಗ್ಗದ ಒಂದು ತುದಿ ಕೆಳಗೆ ಹೋದರೆ ಇನ್ನೊಂದು ಮೇಲೆ ಬರಲೇಬೇಕು. ಇಲ್ಲಿ ಹೆಗಲೇ ರಾಟೆ, ಪಟ್ಟಿಯೇ ಹಗ್ಗ. ಮುಂದಿನ ತುದಿಯಲ್ಲಿ ಸ್ತನದ ಭಾರ, ಹಿಂದಿನ ತುದಿಯಲ್ಲಿ ಬ್ಯಾಂಡ್. ಬ್ಯಾಂಡ್ ಸಡಿಲ ಇದ್ದರೆ ಭಾರ ಅದನ್ನು ಬೆನ್ನ ಮೇಲೆ ಎಳೆದುಬಿಡುತ್ತದೆ. ಹಿಂದೆ ಏರಿದಷ್ಟೂ ಮುಂದೆ ಇಳಿಯುತ್ತದೆ. ನೀವು ಪಟ್ಟಿ ಬಿಗಿ ಮಾಡಿದರೆ ಬ್ಯಾಂಡ್ ಇನ್ನೂ ಮೇಲೆ ಹೋಗುತ್ತದೆ, ಅಷ್ಟೇ. ಹೆಗಲಲ್ಲಿ ಗೆರೆ ಬೀಳುವುದೂ ಇದರಿಂದಲೇ. ತೆಳ್ಳಗಿನ ಹಿಡಿಕೆಯ ಭಾರದ ಚೀಲ ಹಿಡಿದರೆ ಬೆರಳು ಕತ್ತರಿಸಿದ ಹಾಗೆ ಆಗುತ್ತಲ್ಲ, ಅದೇ ಕಥೆ. ಅಷ್ಟೇ ಭಾರವನ್ನು ಮೈ ಸುತ್ತಲೂ ಅಗಲವಾಗಿ ಹಬ್ಬಿದ ಬ್ಯಾಂಡ್ ಹೊತ್ತರೆ ಗೊತ್ತೇ ಆಗುವುದಿಲ್ಲ.

ಕನ್ನಡಿಗೆ ಪಕ್ಕಕ್ಕೆ ತಿರುಗಿ ನಿಂತು ನೋಡಿ. ಬ್ಯಾಂಡ್ ಮುಂದೆ ಎಷ್ಟು ಎತ್ತರದಲ್ಲಿದೆಯೋ ಹಿಂದೆಯೂ ಅಷ್ಟೇ ಎತ್ತರದಲ್ಲಿರಬೇಕು, ನೆಲಕ್ಕೆ ಸಮವಾಗಿ. ಎರಡು ಬೆರಳು ತೂರುವಷ್ಟು ಜಾಗ ಸಾಕು, ಮುಷ್ಟಿ ಹೋಗುವ ಹಾಗಿದ್ದರೆ ಅದು ಬ್ಯಾಂಡೇ ಅಲ್ಲ. ನನಗೆ ತುಂಬಾ ಉಪಯೋಗಕ್ಕೆ ಬಂದ ಪರೀಕ್ಷೆ ಇನ್ನೊಂದಿದೆ, ನೋಡಲು ನಗು ಬರುತ್ತದೆ. ಬ್ರಾವನ್ನು ಹಿಂದುಮುಂದಾಗಿ ಹಾಕಿಕೊಳ್ಳಿ, ಕಪ್ ಬೆನ್ನ ಮೇಲೆ, ಹುಕ್ಕು ಮುಂದೆ. ಈಗ ಸ್ತನದ ಭಾರ, ಗಾತ್ರ ಯಾವುದೂ ಲೆಕ್ಕಕ್ಕಿಲ್ಲ, ಬರೀ ಬ್ಯಾಂಡ್ ಮಾತ್ರ. ಹೀಗೆ ಹಾಕಿದಾಗ ಆರಾಮಾಗಿದ್ದು, ಸರಿಯಾಗಿ ಹಾಕಿದಾಗ ಉಸಿರು ಕಟ್ಟಿದರೆ ತಪ್ಪು ಬ್ಯಾಂಡಿನದ್ದಲ್ಲ, ಕಪ್ಪಿನದ್ದು. ಕಪ್ ಚಿಕ್ಕದಾಗಿ, ಒಳಗೆ ಜಾಗ ಸಾಲದೆ, ಬ್ಯಾಂಡಿನ ಬಟ್ಟೆಯನ್ನೇ ಮುಂದಕ್ಕೆ ಎಳೆದುಕೊಳ್ಳುತ್ತಿದೆ. ನಾವು ಏನು ಮಾಡುತ್ತೇವೆ? ಬಿಗಿ ಅಂತ ದೊಡ್ಡ ಬ್ಯಾಂಡ್ ತರುತ್ತೇವೆ. ಯಾರದೋ ತಪ್ಪಿಗೆ ಯಾರಿಗೋ ಶಿಕ್ಷೆ.

ಇಷ್ಟೆಲ್ಲ ಆಸರೆ ಯಾಕೆ ಬೇಕು ಅಂದರೆ, ಸ್ತನದೊಳಗೆ ಅದನ್ನು ಎತ್ತಿ ಹಿಡಿಯುವ ಸ್ನಾಯು ಇಲ್ಲ. ಇರುವುದು ಕೊಬ್ಬು, ಹಾಲಿನ ಗ್ರಂಥಿ, ಅವುಗಳ ನಡುವೆ ತೆಳು ನಾರಿನ ಜಾಲ. ಆ ನಾರುಗಳಿಗೆ ಕೂಪರ್ ಲಿಗಮೆಂಟ್ ಅಂತ ಹೆಸರು. 1840ರಲ್ಲಿ ಇಂಗ್ಲೆಂಡಿನ ಸರ್ಜನ್ ಆಸ್ಟ್ಲಿ ಕೂಪರ್ ಅವುಗಳನ್ನು ವಿವರಿಸಿದ. ಎದೆಯ ಸ್ನಾಯು ಇರುವುದು ಸ್ತನದ ಹಿಂದೆ. ವ್ಯಾಯಾಮ ಮಾಡಿದರೆ ಅದು ಗಟ್ಟಿಯಾಗುತ್ತದೆ, ಮುಂದಿನ ಕೊಬ್ಬು ತನ್ನ ಪಾಡಿಗೆ ತಾನಿರುತ್ತದೆ. ಹಾಲುಣಿಸಿದರೆ ಎದೆ ಜೋತುಬೀಳುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಕೆಂಟಕಿ ವಿಶ್ವವಿದ್ಯಾಲಯದ ಸರ್ಜನ್ ಬ್ರಯಾನ್ ರಿಂಕರ್ ಮತ್ತು ಜೊತೆಗಾರರು ಅದನ್ನೇ ಪರೀಕ್ಷಿಸಿದರು. ವಯಸ್ಸು, ಗರ್ಭಧಾರಣೆಗಳ ಸಂಖ್ಯೆ, ಸಿಗರೇಟು ಇವೆಲ್ಲ ಕಾರಣಗಳ ಪಟ್ಟಿಯಲ್ಲಿ ಬಂದವು. ಹಾಲುಣಿಸುವುದು ಬರಲಿಲ್ಲ.

ಈಗ ಆಕಾರ. ನನ್ನ ಪ್ರಕಾರ ಬಹಳ ಜನ ಸೋಲುವುದು ಇಲ್ಲಿ, ಯಾಕಂದರೆ ಇದರ ಬಗ್ಗೆ ಲೇಬಲ್ ಒಂದಕ್ಷರವನ್ನೂ ಹೇಳುವುದಿಲ್ಲ. ಟೇಪಿನಲ್ಲಿ ಒಂದೇ ಅಳತೆ ಬರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬಳ ಸ್ತನದ ಬುಡ ಅಗಲ, ಕಂಕುಳ ತನಕ ಹರಡಿಕೊಂಡಿದೆ, ಮುಂದಕ್ಕೆ ಚಾಚಿರುವುದು ಕಡಿಮೆ, ತಟ್ಟೆಯ ಹಾಗೆ. ಇನ್ನೊಬ್ಬಳದು ಬುಡ ಚಿಕ್ಕದು, ಮುಂದಕ್ಕೆ ಜಾಸ್ತಿ, ಬಟ್ಟಲಿನ ಹಾಗೆ. ಒಳಗೆ ಹಿಡಿಯುವುದು ಅಷ್ಟೇ, ಪಾತ್ರೆ ಬೇರೆ. ಬಟ್ಟಲಿನ ಆಕಾರದವಳು ಗಟ್ಟಿ ಸ್ಪಂಜಿನ, ಮೊದಲೇ ಅಚ್ಚು ಹಾಕಿದ ಆಳವಿಲ್ಲದ ಕಪ್ ಹಾಕಿಕೊಂಡರೆ ಏನಾಗುತ್ತದೆ? ಸ್ತನ ಕಪ್ಪಿನ ತಳ ಮುಟ್ಟುವುದೇ ಇಲ್ಲ, ಕಪ್ಪನ್ನೇ ಮುಂದಕ್ಕೆ ತಳ್ಳುತ್ತದೆ, ಮೇಲ್ಗಡೆ ಅಂಚು ಬಾಯಿ ಬಿಟ್ಟುಕೊಳ್ಳುತ್ತದೆ. ಅವಳು ಬಗ್ಗಿ ನೋಡುತ್ತಾಳೆ, ಖಾಲಿ ಜಾಗ ಕಾಣುತ್ತದೆ, ಅಯ್ಯೋ ಕಪ್ ದೊಡ್ಡದಾಯಿತು ಅಂತ ಇನ್ನೂ ಚಿಕ್ಕದು ತರುತ್ತಾಳೆ. ಆಗ ತೊಂದರೆ ಡಬಲ್. ಅವಳಿಗೆ ಬೇಕಿದ್ದದ್ದು ತುಂಡು ತುಂಡು ಬಟ್ಟೆ ಸೇರಿಸಿ ಹೊಲಿದ, ಆಳ ಇರುವ ಕಪ್. ಹೊಲಿಗೆ ಇದ್ದರೆ ಬಟ್ಟೆ ಮೇಲೆ ಗೆರೆ ಕಾಣುತ್ತದೆ ಅಂತ ಬೇಡ ಅನ್ನುವವರೇ ಜಾಸ್ತಿ, ಆದರೆ ಚಪ್ಪಟೆ ಬಟ್ಟೆಗೆ ಆಳ ಬರುವುದು ಆ ಹೊಲಿಗೆಯಿಂದಲೇ.

ಇನ್ನೊಂದು, ತುಂಬು ಎಲ್ಲಿದೆ ಅನ್ನುವುದು. ಸೊಂಟದಿಂದ ಮುಂದಕ್ಕೆ ಬಾಗಿ ಕನ್ನಡಿ ನೋಡಿದರೆ ಗೊತ್ತಾಗುತ್ತದೆ. ಮೊಲೆತೊಟ್ಟಿನ ಕೆಳಗೆ ಜಾಸ್ತಿ ಇದ್ದರೆ ಮೇಲಂಚು ಇಳಿಸಿ ಕತ್ತರಿಸಿದ ಬಾಲ್ಕನೆಟ್ ಅಥವಾ ಡೆಮಿ ಕಪ್ ಹೊಂದುತ್ತದೆ. ಮೇಲೆ ಜಾಸ್ತಿ ಇದ್ದರೆ ಅಂಥ ಅಂಚು ಮಾಂಸಕ್ಕೆ ಕಚ್ಚಿಕೊಳ್ಳುತ್ತದೆ, ಮೇಲ್ಗಡೆ ಎಳೆಯುವ ಲೇಸ್ ಇರುವ ಫುಲ್ ಕಪ್ ಒಳ್ಳೆಯದು. ಎರಡೂ ಒಂದೇ ಸಮ ಇಲ್ಲ ಅಂತ ಗಾಬರಿ ಬೇಡ, ಹೆಚ್ಚಿನವರಿಗೆ ಇರುವುದಿಲ್ಲ. ದೊಡ್ಡದಕ್ಕೆ ಸರಿಯಾಗಿ ಆರಿಸಿ, ಚಿಕ್ಕದರ ಕಡೆ ಪಟ್ಟಿ ಸ್ವಲ್ಪ ಬಿಗಿ ಮಾಡಿ, ಅಥವಾ ತೆಳು ಪ್ಯಾಡ್ ಇಡಿ. ಆದರೆ ಮೊದಲು ಇಲ್ಲದ ವ್ಯತ್ಯಾಸ ಇದ್ದಕ್ಕಿದ್ದಂತೆ ಕಂಡರೆ ಅದು ಬ್ರಾ ವಿಷಯವಲ್ಲ, ಡಾಕ್ಟರಿಗೆ ತೋರಿಸಬೇಕಾದ ವಿಷಯ.

ವೈರ್ ಇರುವ ಬ್ರಾ ಹಾಕುವವರು ವೈರಿನ ತುದಿ ಎಲ್ಲಿ ಮುಗಿಯುತ್ತದೆ ಅಂತ ಒಮ್ಮೆ ಮುಟ್ಟಿ ನೋಡಿ. ಸ್ತನದ ಬುಡದ ಸುತ್ತ ಹೋಗಿ, ಸ್ತನದ ಹಿಂದೆ, ಪಕ್ಕೆಲುಬಿನ ಮೇಲೆ ಅದು ನಿಲ್ಲಬೇಕು. ಎರಡು ಕಪ್ಪಿನ ನಡುವಿನ ತುಂಡು ಎದೆ ಮೂಳೆಗೆ ಅಂಟಿಕೊಂಡಿರಬೇಕು. ಅದು ಗಾಳಿಯಲ್ಲಿ ತೇಲುತ್ತಿದ್ದರೆ ಬಹುಮಟ್ಟಿಗೆ ಕಪ್ ಚಿಕ್ಕದು. ನನ್ನ 34ಬಿಯಲ್ಲಿ ಪಕ್ಕದ ವೈರ್ ಮೆತ್ತಗಿನ ಮಾಂಸದ ಮೇಲೇ ಕೂತಿತ್ತು. ಚುಚ್ಚುತ್ತೆ ಅಂತ ವೈರಿಗೆ ಬೈಯುತ್ತಿದ್ದೆ. ಅದು ಪಾಪ ಜಾಗ ಇಲ್ಲದೆ ಅಲ್ಲಿ ಕೂತಿತ್ತು.

ವೈರ್ ಹಾಕಿದರೆ ಕ್ಯಾನ್ಸರ್ ಬರುತ್ತದೆ ಅನ್ನುವ ಮಾತೊಂದು ಸುತ್ತುತ್ತಲೇ ಇರುತ್ತದೆ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಲೂ ಚೆನ್ ಮತ್ತು ತಂಡದವರು 2014ರಲ್ಲಿ ಮುಟ್ಟು ನಿಂತ ಮಹಿಳೆಯರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ವೈರ್ ಇದೆಯೋ ಇಲ್ಲವೋ, ದಿನಕ್ಕೆ ಎಷ್ಟು ಗಂಟೆ ಹಾಕುತ್ತಾರೆ, ಯಾವ ವಯಸ್ಸಿಗೆ ಶುರು ಮಾಡಿದರು, ಯಾವುದಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧ ಸಿಗಲಿಲ್ಲ.

ಓಡುವವರ ಕಥೆ ಬೇರೆ. ಓಡುವಾಗ ಸ್ತನ ಮೇಲೆ ಕೆಳಗೆ ಮಾತ್ರ ಕುಣಿಯುವುದಿಲ್ಲ, ಪಕ್ಕಕ್ಕೂ, ಹಿಂದೆ ಮುಂದೆಯೂ ಹೋಗುತ್ತದೆ, ಗಾಳಿಯಲ್ಲಿ ಎಂಟರ ಆಕಾರ ಬರೆದ ಹಾಗೆ. 2012ರ ಲಂಡನ್ ಮ್ಯಾರಥಾನ್‌ಗೆ ಬಂದ ಸುಮಾರು 1,400 ಓಟಗಾರ್ತಿಯರನ್ನು ಕೇಳಿದಾಗ ಮೂರರಲ್ಲಿ ಒಬ್ಬರು ಸ್ತನದ ನೋವು ಕಂಡಿದ್ದೇವೆ ಅಂದರು. 1977ರಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಮೂವರೂ ಸೇರಿ, ಗಂಡಸರು ಆಟವಾಡುವಾಗ ಒಳಗೆ ಆಸರೆಗೆ ಹಾಕುವ ಜಾಕ್‌ಸ್ಟ್ರ್ಯಾಪ್ ಎರಡನ್ನು ಜೋಡಿಸಿ ಹೊಲಿದಾಗಲೇ ಮೊದಲ ಸ್ಪೋರ್ಟ್ಸ್ ಬ್ರಾ ಹುಟ್ಟಿದ್ದು. ದಪ್ಪ ಎದೆಯವರಿಗೆ ಎಲ್ಲವನ್ನೂ ಒತ್ತಿ ಚಪ್ಪಟೆ ಮಾಡುವ ಬಗೆಗಿಂತ, ಒಂದೊಂದನ್ನೂ ಬೇರೆ ಬೇರೆ ಕಪ್ಪಿನಲ್ಲಿ ಹಿಡಿಯುವ ಬಗೆ ಹೆಚ್ಚು ಆರಾಮ.

ಹಾಕಿಕೊಳ್ಳುವುದರಲ್ಲೂ ಒಂದು ಕ್ರಮ ಇದೆ. ಮುಂದೆ ಬಾಗಿ ಹುಕ್ಕು ಹಾಕಿ, ಆಮೇಲೆ ಎದುರು ಕೈಯನ್ನು ಕಪ್ಪಿನೊಳಗೆ ತೂರಿಸಿ, ಕಂಕುಳ ಕಡೆ ಹೋಗಿರುವುದನ್ನೆಲ್ಲ ಒಳಗೆ ಎಳೆದುಕೊಳ್ಳಿ. ಇದನ್ನು ಮೊದಲ ಸಲ ಮಾಡಿದ ದಿನ ನನ್ನ 34ಬಿ ತುಳುಕಿಹೋಯಿತು. ಅಷ್ಟು ವರ್ಷ ಅರ್ಧ ಎದೆ ಬಗಲಲ್ಲೇ ಇತ್ತು, ನಾನು ಅದನ್ನು ಬಗಲ ಕೊಬ್ಬು ಅಂತ ಕರೆಯುತ್ತಿದ್ದೆ.

ಹೊಸದನ್ನು ಕೊಳ್ಳುವಾಗ ತೀರಾ ಹೊರಗಿನ ಹುಕ್ಕಿಗೆ, ಅಂದರೆ ಹೆಚ್ಚು ಸಡಿಲದ್ದಕ್ಕೆ, ಸರಿಯಾಗಿ ಕೂರುವುದನ್ನೇ ಆರಿಸಿ. ಎಲಾಸ್ಟಿಕ್ ದಿನ ಕಳೆದಂತೆ ಸೋಲುತ್ತದೆ, ಆಗ ಒಳಗಿನ ಹುಕ್ಕುಗಳಿಗೆ ಹೋಗಬಹುದು. ಬಿಸಿನೀರು, ಡ್ರೈಯರ್ ಎರಡೂ ಅದರ ಆಯಸ್ಸು ಕಡಿಮೆ ಮಾಡುತ್ತವೆ. ಮೈಯೂ ಸುಮ್ನೆ ಕೂರುವುದಿಲ್ಲ. ಮುಟ್ಟಿನ ಮುಂಚಿನ ವಾರ ಎದೆ ಊದಿಕೊಳ್ಳುತ್ತದೆ, ತೂಕ ಏರಿಳಿಯುತ್ತದೆ, ಬಸಿರು, ಬಾಣಂತನ, ಮುಟ್ಟು ನಿಲ್ಲುವುದು, ಒಂದೊಂದರಲ್ಲೂ ಅಳತೆ ಬದಲು. ನನ್ನ 32ಡಿ ಈಗ ಕೊನೆಯ ಹುಕ್ಕಿಗೆ ಬಂದು ನಿಂತಿದೆ. ಟೇಪು ಎಲ್ಲಿಟ್ಟಿದ್ದೇನೋ, ಹುಡುಕಬೇಕು.