ಸೆರೆಸಿಕ್ಕವರಿಗೆ ವೇದಿಕೆ ಸಿಕ್ಕಿದ್ದು ಹೇಗೆ?

ಹಾಸನದ ಕಡೆ ಈಗ ಕಾಲೇಜು ಕಾರ್ಯಕ್ರಮ ಅಂದರೆ ಮಾಜಿ ಯೋಧರೊಬ್ಬರು ಬರಲೇಬೇಕು ಎನ್ನುವ ಹಾಗಾಗಿದೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಆಮೇಲೆ ಸ್ಫೂರ್ತಿಯ ಮಾತು. ಅದರಲ್ಲೂ ಶತ್ರು ದೇಶದ ಸೆರೆಯಲ್ಲಿದ್ದು ಬಂದವರಾದರೆ ಕೇಳುವುದೇ ಬೇಡ, ಹಾಲ್ ತುಂಬುತ್ತದೆ.

ಅಂಥದ್ದೊಂದು ಸಭೆಯಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾತಾಡಿದವರು 1971ರ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕಿದ್ದ ಹಿರಿಯರು, ಅರಸೀಕೆರೆ ಕಡೆಯವರು. ಮೊದಲ ಹತ್ತು ನಿಮಿಷ ಅವರು ಹೇಳಿದ್ದು ಬರೀ ರೊಟ್ಟಿಯ ವಿಷಯ. ಮುದ್ದೆ ತಿಂದು ಬೆಳೆದ ಹೊಟ್ಟೆಗೆ ಒಣ ರೊಟ್ಟಿ ಇಳಿಯುತ್ತಿರಲಿಲ್ಲವಂತೆ. ಅದನ್ನು ಬೇಳೆಯ ನೀರಲ್ಲಿ ನೆನೆಸಿ, ಉಂಡೆ ಕಟ್ಟಿ, ಮುದ್ದೆ ಅಂದುಕೊಂಡು ನುಂಗುತ್ತಿದ್ದರಂತೆ. ಉಂಡೆ ಕಟ್ಟುವುದನ್ನು ಕೈಯಲ್ಲಿ ತೋರಿಸಿದರು. ಹುಡುಗರು ನಕ್ಕರು. ಅಷ್ಟರಲ್ಲಿ ವೇದಿಕೆಗೆ ಒಂದು ಚೀಟಿ ಹೋಯಿತು: ಧೈರ್ಯದ ಬಗ್ಗೆ ಹೇಳಿ. ಅವರು ಓದಿ, ಮಡಚಿ ಜೇಬಿಗೆ ಹಾಕಿಕೊಂಡರು.

ಇಂಥವರನ್ನು ಕರೆಸುವುದು ಹೊಸ ರೂಢಿ. 1962ರಲ್ಲಿ ಚೀನಾ ನಮ್ಮ ಸುಮಾರು 3,900 ಯೋಧರನ್ನು ಸೆರೆಹಿಡಿದಿತ್ತು. ಮರುವರ್ಷ ವಾಪಸ್ ಬಂದರು. ಆದರೆ ಸೋತ ಯುದ್ಧದಿಂದ ಬಂದವರಿಗೆ ಹಾರ ಹಾಕುವವರು ಯಾರು? ಏಳು ತಿಂಗಳು ಸೆರೆಯಲ್ಲಿದ್ದ ಬ್ರಿಗೇಡಿಯರ್ ಜಾನ್ ದಳವಿ ಆಮೇಲೆ ಪುಸ್ತಕ ಬರೆದರು, ಅದು ಕನ್ನಡಕ್ಕೂ ಬಂತು. ಜವಾನರು ಎಲ್ಲಿ ಬರೆಯಬೇಕು? 1965ರಲ್ಲಿ ಪಕ್ಕದ ಕೊಡಗಿನ ಪೈಲಟ್ ನಂದಾ ಕಾರ್ಯಪ್ಪ ಪಾಕಿಸ್ತಾನದ ಕೈಗೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಶೇಷ ಸವಲತ್ತು ಕೊಡಲು ಮುಂದೆ ಬಂದರೂ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಎಂದು ತಂದೆ ಜನರಲ್ ಕಾರ್ಯಪ್ಪ ಬೇಡವೆಂದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು.

ನಿಜವಾದ ಗೋಜಲು ಶುರುವಾಗಿದ್ದು 1971ರಿಂದ. ಡಿಸೆಂಬರ್ 17ಕ್ಕೆ ಯುದ್ಧ ಮುಗಿಯಿತು. ಹೋರಾಟ ನಿಂತ ಮೇಲೆ ಕೈದಿಗಳನ್ನು ತಡಮಾಡದೆ ಬಿಡಬೇಕು ಎನ್ನುತ್ತದೆ 1949ರ ಜಿನೀವಾ ಒಪ್ಪಂದ. ಆದರೆ ನಮ್ಮ ಕೈಯಲ್ಲಿ ಪಾಕಿಸ್ತಾನದ 93,000 ಜನ, ಅವರ ಕೈಯಲ್ಲಿ ನಮ್ಮ ಕೆಲವು ನೂರು. ಬಾಂಗ್ಲಾದೇಶದ ಮಾನ್ಯತೆ, ಯುದ್ಧಾಪರಾಧದ ವಿಚಾರಣೆ, ಎಲ್ಲ ಚೌಕಾಸಿಯೂ ಕೈದಿಗಳ ತಲೆಮೇಲೆ ನಡೆಯಿತು. 1972ರ ಜುಲೈನಲ್ಲಿ ಸಿಮ್ಲಾ ಒಪ್ಪಂದಕ್ಕೆ ಸಹಿ ಬಿದ್ದರೂ ಬಾಗಿಲು ತೆರೆಯಲಿಲ್ಲ.

ಕಾದು ಸಾಕಾಗಿ ಆಗಸ್ಟ್‌ನಲ್ಲಿ ನಮ್ಮ ಮೂವರು ಪೈಲಟ್‌ಗಳು ರಾವಲ್ಪಿಂಡಿಯ ಶಿಬಿರದ ಗೋಡೆಯ ಇಟ್ಟಿಗೆ ಕಿತ್ತು ಹೊರಬಿದ್ದರು. ದಿಲೀಪ್ ಪಾರುಲ್ಕರ್, ಎಂ.ಎಸ್. ಗ್ರೆವಾಲ್, ಹರೀಶ್ ಸಿನ್ಹಜಿ. ಬಸ್ಸು ಹತ್ತಿ, ಪೇಶಾವರ ದಾಟಿ, ಅಫ್ಘನ್ ಗಡಿಯ ಹತ್ತಿರದ ಲಂಡಿ ಕೋತಲ್‌ವರೆಗೂ ಹೋದರು. ಇನ್ನು ಕೆಲವೇ ಮೈಲಿ ಬಾಕಿ. ಅಲ್ಲಿ ಲಂಡಿ ಖಾನಾಗೆ ಹೇಗೆ ಹೋಗೋದು ಅಂತ ಕೇಳಿದರು. ನಕ್ಷೆಯಲ್ಲಿ ಆ ರೈಲು ನಿಲ್ದಾಣ ಇತ್ತು. ಆದರೆ ಅದು ಮುಚ್ಚಿದ್ದು 1932ರಲ್ಲಿ! ಇಲ್ಲದ ಸ್ಟೇಷನ್ನಿಗೆ ದಾರಿ ಕೇಳಿದವರ ಮೇಲೆ ಅನುಮಾನ ಬರದೇ ಇರುತ್ತಾ? ಸಿಕ್ಕಿಬಿದ್ದರು. ಕೊನೆಗೆ ಡಿಸೆಂಬರ್ 1ರಂದು ಅವರೂ ಸೇರಿದಂತೆ 600ಕ್ಕೂ ಜಾಸ್ತಿ ಜನ ವಾಘಾ ದಾಟಿ ಬಂದರು.

ಎಲ್ಲರೂ ಬರಲಿಲ್ಲ. ಪಾಕಿಸ್ತಾನದ ಜೈಲುಗಳಲ್ಲಿ ಉಳಿದಿದ್ದಾರೆ ಎಂದು ನಂಬಲಾದ 54 ಜನರ ಪಟ್ಟಿಯಿದೆ. ನಮ್ಮಲ್ಲಿ ಯಾರೂ ಇಲ್ಲ ಎಂಬುದು ಆ ಕಡೆಯ ಉತ್ತರ. 2007ರಲ್ಲಿ 14 ಮಂದಿ ಬಂಧುಗಳು ಫೋಟೊ ಹಿಡಿದು ಅಲ್ಲಿನ ಜೈಲುಗಳನ್ನು ಸುತ್ತಿ ಬರಿಗೈಯಲ್ಲಿ ಬಂದರು. ಸ್ಫೂರ್ತಿ ಭಾಷಣಗಳಲ್ಲಿ ಈ ಭಾಗ ಬರುವುದು ಕಡಿಮೆ. ಚಪ್ಪಾಳೆ ಹೊಡೆಯುವ ಜಾಗ ಅಲ್ಲ ಅಲ್ವಾ.

ವೇದಿಕೆ ಸಿದ್ಧವಾಗಿದ್ದು ಟಿವಿಯಿಂದ. 1999ರಲ್ಲಿ ಕಾರ್ಗಿಲ್‌ನಲ್ಲಿ ಸಿಕ್ಕಿದ್ದ ಪೈಲಟ್ ನಚಿಕೇತ ಎಂಟು ದಿನಕ್ಕೆ ಬಿಡುಗಡೆಯಾದಾಗ ದೇಶವೇ ನೋಡಿತು. 2019ರ ಫೆಬ್ರವರಿ 27ಕ್ಕೆ ಸಿಕ್ಕಿದ ಪೈಲಟ್ ಅಭಿನಂದನ್ ಮಾರ್ಚ್ 1ಕ್ಕೆ ಮನೆಗೆ. ಆ ವಾರ ಸಲೂನುಗಳಲ್ಲಿ ಹುಡುಗರು ಸಾಲಾಗಿ ಕೂತು ಅವರಂಥದ್ದೇ ಮೀಸೆ ಮಾಡಿಸಿಕೊಂಡರು. ಸೆರೆಸಿಕ್ಕುವುದು ಅವಮಾನ ಎಂಬ ಹಳೆಯ ಮುಜುಗರ ಹೋಗಿದ್ದು ಆಗ. ಒಳ್ಳೆಯದೇ ಆಯಿತು. ಆದರೆ ಎರಡೂವರೆ ದಿನದ ಸೆರೆಗೂ ಒಂದು ವರ್ಷದ ಸೆರೆಗೂ ಈಗ ಒಂದೇ ಅಳತೆ, ಮೂವತ್ತು ನಿಮಿಷ. ಕೊನೆಯಲ್ಲಿ ವಿದ್ಯಾರ್ಥಿಗಳಿಗೊಂದು ಕಿವಿಮಾತು. ಸೆರೆಯನ್ನು ಪರೀಕ್ಷೆಗೆ, ಇಂಟರ್‌ವ್ಯೂಗೆ ಹೋಲಿಸಿಬಿಟ್ಟರೆ ಎಲ್ಲರಿಗೂ ಸಮಾಧಾನ.

ಅವತ್ತು ಹಿರಿಯರು ಹಾಗೆ ಹೋಲಿಸಲಿಲ್ಲ. ಪ್ರಶ್ನೆ ಕೇಳಲು ಬಿಟ್ಟಾಗ ಹುಡುಗಿಯೊಬ್ಬಳು, ಊರಿಗೆ ಬಂದ ದಿನ ಹೇಗಿತ್ತು ಎಂದಳು. ರಾತ್ರಿ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದರಂತೆ. ಬಸ್ ಇರಲಿಲ್ಲ. ಬೆಳಗಿನವರೆಗೆ ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕೂತಿದ್ದರಂತೆ. ಮನೆಯಲ್ಲಿ ಅವ್ವ ಏನೂ ಕೇಳದೆ ಮುದ್ದೆಗೆ ಎಸರಿಟ್ಟಳಂತೆ. ಊರವರೂ ಕೇಳಲಿಲ್ಲ. ಅವರೂ ಸುಮ್ನಾದರು. ಅಲ್ಲಿ ಏನಾಯಿತು ಎಂದು ಮೊದಲ ಸಲ ಒಬ್ಬರು ಬಂದು ಕೇಳಿದ್ದು 2019ರಲ್ಲಿ, ಮೀಸೆಯ ಗಲಾಟೆ ಮುಗಿದ ಮೇಲೆ.