ಹಾರ್ಮೋನ್ ಮಾತ್ರೆಯಿಂದ ಮೈಕೈ ನೋವು: ದಿನ ಬಿಟ್ಟು ದಿನ ತಗೊಂಡರೆ ಆಗಲ್ವಾ?

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎರಡೂ ಮುಗಿದವು. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ. 5 ವರ್ಷ ತಗೋಬೇಕು ಅಂದಿದ್ದಾರೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ, ಮಂಡಿ ಹಿಡಿದುಕೊಳ್ಳುತ್ತದೆ. ರಾತ್ರಿ ಬೆವರಿ ಎಚ್ಚರವಾಗುತ್ತದೆ. ಗಡ್ಡೆಯನ್ನೇ ತೆಗೆದಾಗಿದೆ. ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಂಡರೆ ಆಗಲ್ವಾ?

ಉತ್ತರ: ಡಾಕ್ಟರಿಗೆ ಹೇಳದೆ ಹಾಗೆ ಮಾಡಬೇಡಿ. ಆದರೆ ನೋವನ್ನು ಸುಮ್ನೆ ನುಂಗಿಕೊಂಡೂ ಇರಬೇಡಿ. ಇದಕ್ಕೆ ಮಾಡಬಹುದಾದದ್ದು ಬಹಳ ಇದೆ, ಹೆಚ್ಚಿನವರು ಕೇಳುವುದೇ ಇಲ್ಲ.

ಮೊದಲು, ಗಡ್ಡೆ ಹೋದ ಮೇಲೂ ಮಾತ್ರೆ ಯಾಕೆ? ಆಪರೇಷನ್ ಆದ ಮೇಲೂ ಕಣ್ಣಿಗೆ, ಸ್ಕ್ಯಾನ್‌ಗೆ ಕಾಣದ ಕೆಲವು ಕ್ಯಾನ್ಸರ್ ಕಣಗಳು ದೇಹದಲ್ಲಿ ಉಳಿದಿರಬಹುದು. ನಿಮ್ಮಂಥವರ ಕ್ಯಾನ್ಸರ್ ಬೆಳೆಯಲು ಈಸ್ಟ್ರೊಜೆನ್ ಹಾರ್ಮೋನನ್ನು ಬಳಸಿಕೊಳ್ಳುತ್ತದೆ. ಮುಟ್ಟು ನಿಂತ ಮೇಲೂ ಕೊಬ್ಬು, ಸ್ನಾಯುಗಳಲ್ಲಿ ಅರೊಮಟೇಸ್ ಎಂಬ ಕಿಣ್ವ ಸ್ವಲ್ಪ ಸ್ವಲ್ಪ ಈಸ್ಟ್ರೊಜೆನ್ ತಯಾರಿಸುತ್ತಲೇ ಇರುತ್ತದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಮೂರೂ ಆ ಕಿಣ್ವವನ್ನು ತಡೆಯುತ್ತವೆ. ಇನ್ನೊಂದು ಹಾರ್ಮೋನ್ ಮಾತ್ರೆಯಾದ ಟ್ಯಾಮೊಕ್ಸಿಫೆನ್‌ನ ದಾರಿ ಬೇರೆ. ಅದು ಸ್ತನದ ಕಣಗಳಿಗೆ ಈಸ್ಟ್ರೊಜೆನ್ ಅಂಟಿಕೊಳ್ಳದಂತೆ ಅಡ್ಡ ಕೂರುತ್ತದೆ. ಇಂಥ ಕ್ಯಾನ್ಸರ್ ಇರುವವರು 5 ವರ್ಷ ಟ್ಯಾಮೊಕ್ಸಿಫೆನ್ ತಗೊಂಡರೆ, ಸ್ತನ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ. ಮುಟ್ಟು ನಿಂತವರಲ್ಲಿ ಲೆಟ್ರೊಜೋಲ್ ಗುಂಪಿನ ಮಾತ್ರೆಗಳು ಅದಕ್ಕಿಂತಲೂ ಸ್ವಲ್ಪ ಜಾಸ್ತಿ ಕೆಲಸ ಮಾಡುತ್ತವೆ. ಈ ಲಾಭ ಗೊತ್ತಾಗಿರುವುದು ದಿನವೂ ಮಾತ್ರೆ ತಗೊಂಡವರಿಂದ. ಹಾಗಾಗಿ ದಿನ ಬಿಟ್ಟು ತಗೊಂಡರೂ ಅಷ್ಟೇ ರಕ್ಷಣೆ ಸಿಗುತ್ತದೆ ಎಂದುಕೊಳ್ಳುವಂತಿಲ್ಲ.

ಈಗ ನೋವಿನ ವಿಷಯ. ಇದು ನಿಮ್ಮ ಕಲ್ಪನೆಯಲ್ಲ, ವಯಸ್ಸಾಯಿತು ಎಂದು ತಳ್ಳಿಹಾಕುವಂಥದ್ದೂ ಅಲ್ಲ. ಈ ಮಾತ್ರೆಗಳು ಕೀಲು ನೋವು ತರುವುದು ಬಹಳ ಸಾಮಾನ್ಯ. ಹಲವರಿಗೆ ಮೊದಲ ಕೆಲವು ತಿಂಗಳಲ್ಲೇ ಶುರುವಾಗುತ್ತದೆ. ನಡಿಗೆ ಮತ್ತು ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಇದಕ್ಕೆ ನಿಜವಾಗಿ ಸಹಾಯ ಮಾಡುತ್ತವೆ. ನೋಯುವಾಗ ನಡೆಯಿರಿ ಎಂದರೆ ಕಷ್ಟ ಅನ್ನಿಸುತ್ತದೆ, ಗೊತ್ತು. ಸ್ವಲ್ಪದರಿಂದ ಶುರು ಮಾಡಿ, ನಿಧಾನವಾಗಿ ಹೆಚ್ಚಿಸಿ. ಅದರಿಂದಲೂ ಕಡಿಮೆಯಾಗದಿದ್ದರೆ ಡಾಕ್ಟರ ಬಳಿ ಬೇರೆ ದಾರಿಗಳಿವೆ. ಕೆಲವು ವಾರ ಮಾತ್ರೆ ನಿಲ್ಲಿಸಿ, ನೋವು ಅದರಿಂದಲೇ ಬರುತ್ತಿದೆಯೇ ಎಂದು ನೋಡುತ್ತಾರೆ. ಅದೇ ಗುಂಪಿನ ಇನ್ನೊಂದು ಮಾತ್ರೆಗೆ ಬದಲಿಸುತ್ತಾರೆ. ಲೆಟ್ರೊಜೋಲ್ ಒಗ್ಗದವರಿಗೆ ಎಕ್ಸೆಮೆಸ್ಟೇನ್ ಒಗ್ಗುವುದುಂಟು. ಟ್ಯಾಮೊಕ್ಸಿಫೆನ್‌ಗೂ ಬದಲಿಸಬಹುದು. ಡುಲೊಕ್ಸೆಟಿನ್ ಎಂಬ ಔಷಧಿಯಿಂದಲೂ ಕೆಲವರಿಗೆ ನೋವು ತಗ್ಗುತ್ತದೆ. ರಾತ್ರಿಯ ಬೆವರಿಗೂ ಹಾರ್ಮೋನ್ ಇಲ್ಲದ ಔಷಧಿಗಳಿವೆ. ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್ ಅಂಥವು.

ಲೆಟ್ರೊಜೋಲ್ ಗುಂಪಿನಿಂದ ಮೂಳೆ ಸವೆಯುತ್ತದೆ. ಇದು ನೋವು ಕೊಡದೆ ಆಗುವ ತೊಂದರೆ, ಅದಕ್ಕೇ ನನಗೆ ಇದರ ಬಗ್ಗೆ ಜಾಸ್ತಿ ಕಾಳಜಿ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಿದೆಯೇ ಎಂದು ಕೇಳಿ. ಕ್ಯಾಲ್ಸಿಯಂ, ವಿಟಮಿನ್ ಡಿ ಎಷ್ಟು ಬೇಕು ಎಂದೂ ಕೇಳಿ.

ಮುಟ್ಟು ಇನ್ನೂ ಬರುತ್ತಿರುವವರಿಗೆ ಲೆಟ್ರೊಜೋಲ್ ಒಂದನ್ನೇ ಕೊಡುವುದಿಲ್ಲ. ಅಂಡಾಶಯದ ಕೆಲಸ ನಿಲ್ಲಿಸುವ ಇಂಜೆಕ್ಷನ್ ಜೊತೆಯಲ್ಲೇ ಇರಬೇಕು. ಕೀಮೋದಿಂದ ಮುಟ್ಟು ನಿಂತು, ಮಾತ್ರೆ ಶುರುವಾದ ಮೇಲೆ ಮತ್ತೆ ರಕ್ತ ಕಂಡರೆ ಕೂಡಲೇ ತಿಳಿಸಿ. ಅಂಡಾಶಯ ಮತ್ತೆ ಕೆಲಸ ಶುರು ಮಾಡಿರಬಹುದು. ಈ ಮಾತ್ರೆಗಳಲ್ಲಿ ಯಾವುದನ್ನು ತಗೊಳ್ಳುವಾಗಲೂ ಗರ್ಭ ಧರಿಸಬಾರದು. ಮುಟ್ಟು ತಪ್ಪಿದೆ ಎಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದು ನಂಬಬೇಡಿ. ಕಾಂಡೋಮ್, ಕಾಪರ್ ಟಿ ಥರದ ಹಾರ್ಮೋನ್ ಇಲ್ಲದ ದಾರಿಯನ್ನೇ ಬಳಸಿ. ಮಗು ಬೇಕು ಅನ್ನುವವರು ಅದನ್ನು ಮೊದಲೇ ಹೇಳಿದರೆ ಡಾಕ್ಟರು ಅದಕ್ಕೆ ತಕ್ಕಂತೆ ಯೋಜನೆ ಮಾಡುತ್ತಾರೆ.

ಟ್ಯಾಮೊಕ್ಸಿಫೆನ್‌ಗೆ ಬದಲಾದರೆ ಎಚ್ಚರಿಕೆಗಳೂ ಬದಲಾಗುತ್ತವೆ. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಳ್ಳುವುದು, ಎದೆ ನೋವು. ಇವು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಮುಟ್ಟು ನಿಂತ ಮೇಲೆ ರಕ್ತ ಹೋದರೆ ಗರ್ಭಕೋಶದ ಪರೀಕ್ಷೆ ಆಗಲೇಬೇಕು. ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಗಳು ಟ್ಯಾಮೊಕ್ಸಿಫೆನ್ ಲಿವರ್‌ನಲ್ಲಿ ಪೂರ್ತಿ ಚುರುಕಾಗದಂತೆ ತಡೆಯುತ್ತವೆ. ಮೇಲೆ ಹೇಳಿದ ಡುಲೊಕ್ಸೆಟಿನ್ ಕೂಡ ಸ್ವಲ್ಪ ಹಾಗೆಯೇ. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆಗೂ ಟ್ಯಾಮೊಕ್ಸಿಫೆನ್ ಸರಿಹೊಂದುವುದಿಲ್ಲ. ಇವುಗಳನ್ನು ತಗೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಿ. ಗಿಡಮೂಲಿಕೆ ಪುಡಿ, ಕ್ಯಾಪ್ಸೂಲ್ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ತಗೊಳ್ಳಿ. ಮರೆತದ್ದು ಅದೇ ದಿನ ನೆನಪಾದರೆ ಆಗಲೇ ತಗೊಳ್ಳಿ. ಮರುದಿನ ನೆನಪಾದರೆ ಹಿಂದಿನದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ.

ಒಂದು ವೇಳೆ ಈಗಾಗಲೇ ದಿನ ಬಿಟ್ಟು ದಿನ ತಗೊಳ್ಳಲು ಶುರು ಮಾಡಿದ್ದರೆ, ಅಥವಾ ಪೂರ್ತಿ ನಿಲ್ಲಿಸಿದ್ದರೆ, ಅದನ್ನು ಹಾಗೇ ಡಾಕ್ಟರಿಗೆ ಹೇಳಿ. ಬೈಸಿಕೊಳ್ಳುವ ಭಯಕ್ಕೆ ಸುಳ್ಳು ಹೇಳಿದರೆ ಅವರು ತಪ್ಪು ಲೆಕ್ಕದ ಮೇಲೆ ಮುಂದಿನ ತೀರ್ಮಾನ ಮಾಡುತ್ತಾರೆ. ಯಾವತ್ತಿನಿಂದ ನಿಲ್ಲಿಸಿದ್ದೀರಿ, ನಿಲ್ಲಿಸಿದ ಮೇಲೆ ನೋವು ಕಡಿಮೆಯಾಯಿತೇ ಎಂದು ಬರೆದುಕೊಂಡು ಹೋಗಿ. ಮುಂದೆ ಯಾವ ಮಾತ್ರೆ ಎಂದು ಆರಿಸಲು ಅವರಿಗೆ ಬೇಕಾಗಿರುವುದು ಅದೇ.